ಅದಲುಬದಲಾದ ಮಣ್ಣು

"ಮೂಗಿನ ಹತ್ತಿರ ಹಿಡಿದು ನೋಡಿ ಸರ್," ಎಂದಳು ಮಾಲಿನ್ಯ ಮಂಡಳಿಯ ಭೂವಿಜ್ಞಾನಿ ಪ್ರಮೀಳಾ.

ಸಬ್ ಇನ್‌ಸ್ಪೆಕ್ಟರ್ ಚೆಲುವರಾಜು ಅವಳ ಕೈಯಿಂದ ಒದ್ದೆ ಮಣ್ಣಿನ ಉಂಡೆ ತೆಗೆದುಕೊಂಡು ಮೂಸಿದ. ಮಣ್ಣಿನ ವಾಸನೆ. ಅದು ಬಿಟ್ಟರೆ ಏನೂ ಇಲ್ಲ.

"ಏನೂ ಗೊತ್ತಾಗ್ತಿಲ್ಲ ಮೇಡಂ."

"ನನಗೂ ಅಷ್ಟೆ."

ಬೋಲ್ಟ್ ಫ್ಯಾಕ್ಟರಿಯ ಹಿಂಬದಿ ಅಂಗಳದಲ್ಲಿ ಬೆಳಗಿನಿಂದ ಕೈಬೈರಿಗೆಯಿಂದ ಕೊರೆದ ಗುಂಡಿಗಳಲ್ಲಿ ಕೊನೆಯದರ ಮಣ್ಣು ಅದು. ಎಲ್ಲದರಲ್ಲೂ ಇದೇ ಕಥೆ. ಮೇಲೆ ಮೆತ್ತನೆಯ ಮಣ್ಣು, ಕೆಳಗೆ ಠಣ್ ಎನ್ನುವ ಬಂಡೆ. ನಡುವೆ ವಿಷದ ಸುಳಿವೇ ಇಲ್ಲ.

ಹೋದ ತಿಂಗಳು ತೋಪಿನಕೊಪ್ಪಲಿನ ಚಿಕ್ಕಣ್ಣ ಮೋಟಾರಿನ ಪೈಪು ಸರಿಮಾಡಲು ತನ್ನ ಬಾವಿಗೆ ಇಳಿದವನು ಅರ್ಧದಾರಿಯಲ್ಲೇ ಎಚ್ಚರ ತಪ್ಪಿ ಬಿದ್ದು ಸತ್ತಿದ್ದ. ಬೋಲ್ಟುಗಳ ಜಿಡ್ಡು ತೆಗೆಯಲು ಈ ಕಾರ್ಖಾನೆ ಬಳಸುವ ಟ್ರೈಕ್ಲೋರ್ ಎಂಬ ದ್ರಾವಕವೇ ಆ ಬಾವಿಯ ನೀರಲ್ಲಿ ಇದೆಯೆಂದು ಮೈಸೂರಿನ ಪ್ರಯೋಗಾಲಯ ಹೇಳಿತ್ತು.

ಬಾವಿಯಲ್ಲಿ ವಿಷವಿದೆ. ವಿಷ ಬಳಸುವ ಕಾರ್ಖಾನೆ ಇಲ್ಲಿದೆ. ಆದರೆ ಕಾರ್ಖಾನೆಯ ನೆಲ ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕಟ.

ಶೆಡ್ಡಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಮ್ಯಾನೇಜರ್ ಲಿಂಗರಾಜು ಎದ್ದು ಬಂದ. ಇಸ್ತ್ರಿ ಕೆಡದ ಬಿಳಿ ಶರಟು. ನಗು ಕೂಡ ಹಾಗೆಯೇ ಇತ್ತು.

"ಆಯ್ತಾ ಮೇಡಂ? ಇನ್ನೆಲ್ಲಾದ್ರೂ ತೋಡಬೇಕಾ? ಬೇಕಾದ್ರೆ ನನ್ನ ಛೇಂಬರ್ ಒಳಗೂ ತೋಡಿ. ಟೀ ತರಿಸ್ತೀನಿ."

"ಬಂಡೆ ಕೊರೆಯೋ ಯಂತ್ರ ತರಬೇಕು," ಎಂದಳು ಪ್ರಮೀಳಾ.

"ಅದು ಕೋರ್ಟ್ ಆರ್ಡರ್‌ನಲ್ಲಿ ಇಲ್ವಲ್ಲ ಮೇಡಂ. ಕೈಯಲ್ಲಿ ಎಷ್ಟು ಆಳ ಹೋಗುತ್ತೋ ಅಷ್ಟು ಅಂತ ಇದೆ. ನಮ್ಮ ಲಾಯರು ಓದಿ ಹೇಳಿದಾರೆ." ಲಿಂಗರಾಜು ಚೆಲುವರಾಜುವಿನ ಕಡೆ ತಿರುಗಿದ. "ನಾನೂ ರೈತನ ಮಗನೇ ಸರ್. ಕೆ.ಆರ್. ನಗರದ ಭತ್ತದ ಗದ್ದೇಲಿ ಬೆಳೆದೋನು. ಆ ಹುಡುಗ ಸತ್ತಿದ್ದಕ್ಕೆ ನನಗೂ ಸಂಕಟ ಇದೆ. ಆದ್ರೆ ನಮ್ಮ ತಪ್ಪು ಎಲ್ಲಿದೆ ತೋರಿಸಿ."

 ಹದಿನೈದು ವರ್ಷದ ನೌಕರಿಯಲ್ಲಿ ಚೆಲುವರಾಜು ಕಳ್ಳರನ್ನು ಹಿಡಿದಿದ್ದ, ಕೊಲೆಗಡುಕರನ್ನು ಹಿಡಿದಿದ್ದ, ನಾಗರಹೊಳೆಯ ಅಂಚಿನಲ್ಲಿ ದಂತ ಸಾಗಿಸುವವರ ಬೆನ್ನು ಹತ್ತಿದ್ದ. ಅವರೆಲ್ಲ ಓಡುತ್ತಿದ್ದರು, ಸುಳ್ಳು ಹೇಳುತ್ತಿದ್ದರು, ಬೆವರುತ್ತಿದ್ದರು. ಈ ಅಪರಾಧಿಗೆ ಬಣ್ಣವಿಲ್ಲ, ಕಾಲಿಲ್ಲ. ನೆಲಕ್ಕೆ ಬಿದ್ದರೆ ನೆಲದೊಳಗೆ ಇಳಿದುಬಿಡುತ್ತದೆ.

ಕೈಯಲ್ಲಿದ್ದ ಉಂಡೆಯನ್ನು ಬಿಸಾಡಲು ಹೋದವನು ಸುಮ್ಮನೆ ಬೆರಳಲ್ಲಿ ಹಿಸುಕಿದ. ಏನೋ ಚುಚ್ಚಿತು. ಬಿಡಿಸಿ ನೋಡಿದ. ಬಿಳಿಯ ಚೂರು. ಉಗುರಿನಷ್ಟು ತೆಳು, ಸುರುಳಿ ಸುತ್ತಿಕೊಂಡದ್ದು.

ಪ್ರಮೀಳಾ ಅದನ್ನು ಚಿಮ್ಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. "ನೀರಿನ ಬಸವನಹುಳುವಿನ ಚಿಪ್ಪು," ಎಂದಳು ಮೆಲ್ಲಗೆ. ಬಗ್ಗಿ, ಗುಡ್ಡೆ ಹಾಕಿದ್ದ ಉಳಿದ ಮಣ್ಣನ್ನೂ ಕೆದಕಿದಳು. ಅಲ್ಲೂ ಚಿಪ್ಪು. ಪಕ್ಕದ ಗುಂಡಿಯದರಲ್ಲೂ ಚಿಪ್ಪು. "ಇಲ್ಲಿ ಯಾವ ಕಾಲದಲ್ಲೂ ನೀರು ನಿಂತಿರೋ ಲಕ್ಷಣ ಇಲ್ಲ ಸರ್. ಇದು ದಿಣ್ಣೆ."

ಚೆಲುವರಾಜು ಪಿರಿಯಾಪಟ್ಟಣದ ಹಾರನಹಳ್ಳಿ ಕಡೆಯವನು. ಬೇಸಿಗೆಯಲ್ಲಿ ಕೆರೆ ಒಣಗಿದರೆ ಅಪ್ಪನ ಜೊತೆ ಗಾಡಿ ಕಟ್ಟಿಕೊಂಡು ಹೋಗಿ ಹೊಲಕ್ಕೆ ಇಂಥದೇ ಕೆರೆಯ ಹೂಳುಮಣ್ಣು ಹೊಡೆದವನು. ಅವನು ಲಿಂಗರಾಜುವನ್ನೇ ನೋಡುತ್ತಾ ಕೇಳಿದ:

"ಈ ಅಂಗಳಕ್ಕೆ ಕೆರೆಗೋಡು ಯಾವಾಗ ಹೊಡೆಸಿದಿರಿ ಮ್ಯಾನೇಜರ್ ಸಾಹೇಬರೇ?"

ಲಿಂಗರಾಜುವಿನ ನಗು ಒಂದು ಕ್ಷಣ ಎಲ್ಲಿಗೋ ಹೋಗಿ ಬಂತು.

"ನೆಲ ಸಮ ಮಾಡೋಕೆ ಯಾರೋ ಕಂಟ್ರಾಕ್ಟರ್ ಹಾಕಿರಬೇಕು ಸರ್. ನನಗೆ ನೆನಪಿಲ್ಲ."

"ಮೊದಲಿದ್ದ ಮಣ್ಣು ಎಲ್ಲಿ ಹೋಯ್ತು?"

"ಮಣ್ಣಿಗೆಲ್ಲ ಲೆಕ್ಕ ಇಡ್ತಾರಾ ಸರ್?" ಎಂದು ಲಿಂಗರಾಜು ನಕ್ಕ. ಈ ಸಲ ಶಬ್ದ ಮಾಡಿ ನಕ್ಕ.

*

ಜೀಪು ಕಟ್ಟೆಮಳಲವಾಡಿ ರಸ್ತೆಗೆ ಇಳಿದಾಗ ಎರಡೂ ಬದಿಯ ಹೊಗೆಸೊಪ್ಪಿನ ಬ್ಯಾರನ್‌ಗಳಿಂದ ಹೊಗೆ ಏಳುತ್ತಿತ್ತು. ಸೊಪ್ಪು ಬೇಯಿಸುವ ಕಾಲ. ಗಾಳಿಯಲ್ಲಿ ಬೆಂದ ಎಲೆಯ ಘಾಟು.

"ಹಳೇ ಮಣ್ಣು ಪೂರ್ತಿ ವಿಷ ಕುಡಿದಿತ್ತು. ಅದಕ್ಕೇ ಬಂಡೆವರೆಗೂ ತೆಗೆಸಿ ಹೊಸದು ತುಂಬಿಸಿದಾರೆ," ಎಂದಳು ಪ್ರಮೀಳಾ. "ಅವರು ಬಳಸಿ ಬಿಟ್ಟ ಟ್ರೈಕ್ಲೋರಿನ ಗಸಿ ಸುರಿಯೋ ಗುಂಡಿ ಅಲ್ಲೇ ಇದ್ದಿರಬೇಕು. ಅದು ನೀರಿಗಿಂತ ಭಾರ ಸರ್. ಎಣ್ಣೆ ಹಾಗೆ ತೇಲಲ್ಲ, ಮುಳುಗುತ್ತೆ. ಮಳೆ ನೀರಿನ ಜೊತೆ ಇಳಿದು ಬಂಡೆಯ ಬಿರುಕಲ್ಲಿ ಕೂತರೆ ಹೊರಗೆ ತೆಗೆಯೋ ದಾರಿ ನನಗಂತೂ ಗೊತ್ತಿಲ್ಲ."

"ಚಿಕ್ಕಣ್ಣನ ಬಾವಿ ಫ್ಯಾಕ್ಟರಿಯಿಂದ ಎರಡು ಮೈಲಿ ದೂರ ಇದೆ ಮೇಡಂ. ಅಷ್ಟು ದೂರ ನೆಲದೊಳಗೇ ಹೋಯ್ತಾ?"

"ಇಷ್ಟು ಬೇಗ ಹೋಗಲ್ಲ. ನನಗೂ ಮೊದಲಿಂದ ಅದೇ ಅನುಮಾನ."

ಚೆಲುವರಾಜು ಗೇರು ಬದಲಾಯಿಸಿದ. ಕೆರೆಗೋಡು ತಂದ ಗಾಡಿ ಬರಿಗೈಯಲ್ಲಿ ವಾಪಸ್ಸು ಹೋಗುವುದಿಲ್ಲ. ಈ ಬೇಸಿಗೆ ಈ ಕಡೆ ಗೋಡು ತೆಗೆದದ್ದು ತೋಪಿನಕೊಪ್ಪಲಿನ ಕೆರೆ ಒಂದರಲ್ಲೇ. ಆ ಊರಿನಲ್ಲಿ ಟ್ರ್ಯಾಕ್ಟರ್ ಇರುವುದು ಒಬ್ಬನ ಬಳಿ.

ಆ ಒಬ್ಬನನ್ನು ಅವನು ಆಗಲೇ ಬಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮುಖಕ್ಕೆ ಒದ್ದೆ ಟವೆಲ್ ಸುತ್ತಿ, ಬಾವಿಗಿಳಿದು ಚಿಕ್ಕಣ್ಣನ ಹೆಣ ಮೇಲೆ ತಂದವನು ಅವನೇ. ದೇವಯ್ಯ. ಸತ್ತವನ ಜೀವದ ಗೆಳೆಯ.

*

ದೇವಯ್ಯ ಬ್ಯಾರನ್ನಿನ ಒಲೆಯ ಬಾಯಿಗೆ ಸೌದೆ ನೂಕುತ್ತಿದ್ದ. ಜೀಪು ಕಂಡು ಎದ್ದು, ಲುಂಗಿ ಇಳಿಸಿ, ಕೈ ಒರೆಸಿಕೊಂಡ.

"ಬನ್ನಿ ಸಾ. ಏನಾರ ಗೊತ್ತಾಯ್ತಾ? ಆ ಫ್ಯಾಕ್ಟ್ರಿಯೋರ್ನ ಒಳಕ್ಕಾಕುದ್ರಾ?"

"ಕೂತ್ಕೊ ದೇವಯ್ಯ."

"ಬ್ಯಾಡಿ ಸಾ, ನಿಂತೇ ಇರ್ತೀನಿ. ಬೆಂಕಿ ನೋಡ್ಬೇಕು."

"ಬೇಸಿಗೇಲಿ ಬೋಲ್ಟ್ ಫ್ಯಾಕ್ಟರಿಗೆ ಕೆರೆಗೋಡು ಹೊಡೆದೋನು ನೀನೇನಾ?"

"ಊಂ ಸಾ. ಶಿವರಾತ್ರಿ ಕಳೀತಲ್ಲ, ಆಮೇಲೆ. ಅಂಗ್ಳ ಮಾಡ್ತೀವಿ, ಗೋಡು ತಂದಾಕು ಅಂದ್ರು. ಆಕ್ದೆ. ಅದ್ರಲ್ಲೇನು ತೆಪ್ಪು?"

"ತಪ್ಪಿಲ್ಲ. ಬರೋವಾಗ ಏನು ತುಂಬ್ಕೊಂಡು ಬಂದೆ?"

ದೇವಯ್ಯ ಪ್ರಮೀಳಾಳನ್ನು ನೋಡಿದ, ಮತ್ತೆ ಚೆಲುವರಾಜುವನ್ನು ನೋಡಿದ.

"ಅವ್ರು ಅಗ್ದಾಕಿದ್ದ ಮಣ್ಣು ಸಾ. ತಕ್ಕೊಂಡೋಗು, ಎಲ್ಲಾರ ಸುರ್ಕೊ ಅಂದ್ರು. ಕಪ್ಪುಗೆ, ಜಿಗುಟಾಗಿ, ಒಳ್ಳೆ ಮಣ್ಣು. ಒಂಥರಾ ಸೀ ವಾಸ್ನೆ ಬತ್ತಿತ್ತು. ಮಿಸಿನ್ ಎಣ್ಣೆ ಚೆಲ್ಲದೆ ಅಂದ್ರು. ಮಳೆ ಬಿದ್ರೆ ಓಯ್ತದೆ ಬುಡು ಅಂದ್ರು."

ಸಿಹಿ ವಾಸನೆ, ಟ್ರೈಕ್ಲೋರಿನದೇ. ಪ್ರಮೀಳಾ ಕಣ್ಣು ಮುಚ್ಚಿ ತೆರೆದಳು.

"ಎಲ್ಲಿ ಸುರಿದೆ ದೇವಯ್ಯ?"

"ಅಲ್ಲಿ ಇಲ್ಲಿ. ಯಾರ್ ಕೇಳುದ್ರೋ ಅವ್ರಿಗೆ..."

ಮಾತು ಅಲ್ಲೇ ನಿಂತಿತು.   ದೇವಯ್ಯನ ಮುಖದಲ್ಲಿ ಒಂದೊಂದೇ ಗೆರೆ ಸಡಿಲವಾಗುತ್ತಾ ಹೋದದ್ದನ್ನು ಚೆಲುವರಾಜು ನೋಡುತ್ತಿದ್ದ. ತಡೆಯುವುದು ಅವನ ಕೈಲಿರಲಿಲ್ಲ.

"ಸಾ," ಎಂದ ದೇವಯ್ಯ. "ಸಾ, ಆ ಮಣ್ಣಾ?"

"ಚಿಕ್ಕಣ್ಣನ ಬಾವಿ ಸುತ್ತ ಹಾಕಿದೆಯಾ?"

"ಅವ್ನೇ ಕೇಳ್ದ ಸಾ! ಬಾವಿ ಪಕ್ಕ ನೆಲ ಕುಸ್ದೋಗದೆ, ಮಳೆಗಾಲಕ್ಕೆ ಮುಂಚೆ ತುಂಬ್ಬುಡಣ, ಎಲ್ಲಾರ ಮಣ್ಣು ಸಿಕ್ರೆ ತತ್ತಾ ಅಂತ ಅವ್ನೇ ಕೇಳ್ದ. ನಾನೇ ತಂದಾಕ್ದೆ. ಇಬ್ರೂ ಸೇರಿ ತುಳ್ದು ಗಟ್ಟಿ ಮಾಡುದ್ವಿ. ಅವತ್ತು ಮದ್ಯಾನ ಅವ್ನ ಮನೇಲೇ ಉಂಡೆ ಸಾ ನಾನು."

ಅವನು ಒಲೆಯ ಮುಂದೆ ಕುಸಿದು ಕೂತ. ಬೆಂಕಿಯ ಝಳ ಮುಖಕ್ಕೇ ಹೊಡೆಯುತ್ತಿದ್ದರೂ ಹಿಂದಕ್ಕೆ ಸರಿಯಲಿಲ್ಲ.

"ಮಳೆ ನೀರು ಆ ಮಣ್ಣಿನ ಮೂಲಕ ಬಾವಿಗೆ ಇಳಿದಿದೆ," ಎಂದಳು ಪ್ರಮೀಳಾ, ತನಗೇ ಹೇಳಿಕೊಳ್ಳುವವಳಂತೆ. "ಅದರ ಆವಿ ಗಾಳಿಗಿಂತ ಭಾರ. ಬಾವಿಯೊಳಗೆ ತುಂಬಿಕೊಂಡು ನಿಂತಿದೆ. ಇಳಿದವನಿಗೆ ತಿಳಿಯೋದೇ ಇಲ್ಲ."

"ನಾನೇ ಕೊಂದ್ಬುಟ್ನಾ ಸಾ ಅವ್ನ?"

ಚೆಲುವರಾಜು ಅವನ ಭುಜದ ಮೇಲೆ ಕೈಯಿಟ್ಟ.  "ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದೋರು ಬೇರೆ ಇದಾರೆ. ಅವರನ್ನ ಹಿಡೀಬೇಕಾದ್ರೆ ನೀನು ಇದನ್ನೇ ಸ್ಟೇಷನ್ನಿನಲ್ಲಿ, ಕೋರ್ಟಲ್ಲಿ ಹೇಳ್ಬೇಕು. ಮಣ್ಣು ಅಲ್ಲಿಂದ ಬಂತು ಅನ್ನೋಕೆ ಇರೋ ಸಾಕ್ಷಿ ನೀನೊಬ್ಬನೇ. ಹೇಳ್ತೀಯಾ?"

"ಏಳ್ತೀನಿ ಸಾ. ನೇಣಿಗಾಕುದ್ರೂ ಏಳ್ತೀನಿ."

"ಸರಿ. ಬೇರೆ ಎಲ್ಲೆಲ್ಲಿ ಹಾಕಿದೀಯ? ಯೋಚ್ನೆ ಮಾಡಿ ಹೇಳು."

ದೇವಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡ. ಕೆರೆ ಏರಿಯ ಹಳ್ಳಕ್ಕೆ ಸ್ವಲ್ಪ. ಸ್ಮಶಾನದ ದಾರಿಗೆ ಸ್ವಲ್ಪ. ಆಮೇಲೆ...

"ಆಮೇಲೆ ಇಸ್ಕೂಲತ್ರ ಸಾ. ಕೈಪಂಪು ಸುತ್ತ ಕೊಚ್ಚೆ ನಿಲ್ತದೆ, ಹೆಂಗುಸ್ರು ಜಾರಿ ಬೀಳ್ತಾರೆ ಅಂತ ಅಲ್ಲಿಗೆ ಜಾಸ್ತಿನೇ ಆಕ್ದೆ."

ಚೆಲುವರಾಜುವಿನ ಕೈ ಅವನ ಭುಜದಿಂದ ತಾನಾಗಿಯೇ ಜಾರಿತು.

ಚಿಕ್ಕಣ್ಣ ಸತ್ತ ಮಾರನೆಯ ದಿನ ಬಾವಿಗೆ ಬೇಲಿ ಹಾಕಿಸಿದ್ದು ಚೆಲುವರಾಜುವೇ. ಊರಿನವರನ್ನೆಲ್ಲ ಸೇರಿಸಿ, ಇನ್ನು ಮೇಲೆ ಯಾವ ಬಾವಿಯ ನೀರನ್ನೂ ಮುಟ್ಟಬೇಡಿ, ಶಾಲೆಯ ಕೈಪಂಪಿನದನ್ನೇ ಕುಡಿಯಿರಿ, ಅದು ಆಳದ ನೀರು, ಶುದ್ಧವಾದದ್ದು ಎಂದು ಹೇಳಿದ್ದವನೂ ಅವನೇ. ಆ ದಿನದಿಂದ ಇಡೀ ಕೊಪ್ಪಲು ಅದನ್ನೇ ಕುಡಿಯುತ್ತಿತ್ತು.

"ಇಲ್ಲೇ ಇರು ದೇವಯ್ಯ. ನೀರು ನಿಲ್ಲಿಸಿ ಬಂದು ನಿನ್ನ ಕರ್ಕೊಂಡು ಹೋಗ್ತೀನಿ," ಎಂದವನು ಜೀಪಿನ ಕಡೆ ಓಡಿದ.

*

ಕೈಪಂಪಿನ ಮುಂದೆ ಬಿಂದಿಗೆಗಳ ಸಾಲು. ಶಾಲೆಯ ಮಕ್ಕಳು ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದವು. ಕಟ್ಟೆಯ ಸುತ್ತ ಕಪ್ಪು ಮಣ್ಣು ತುಳಿತಕ್ಕೆ ಗಟ್ಟಿಯಾಗಿ, ನುಣ್ಣಗೆ, ಒಂದು ಹನಿ ಕೊಚ್ಚೆಯೂ ಇಲ್ಲದೆ ಚೆನ್ನಾಗಿತ್ತು.

ಪಂಪು ಒತ್ತುತ್ತಿದ್ದವಳು ಚಿಕ್ಕಣ್ಣನ ಹೆಂಡತಿ ಭಾಗ್ಯಮ್ಮ. ಏಳು ತಿಂಗಳ ಬಸುರಿ. ಪಕ್ಕದಲ್ಲಿ ಬಿಂದಿಗೆ ಹಿಡಿದು ಅವಳ ಅತ್ತೆ ಪುಟ್ಟತಾಯಮ್ಮ ನಿಂತಿದ್ದಳು. ಮಗನ ಸಾವಿಗೆ ಕಾರ್ಖಾನೆಯೇ ಕಾರಣವೆಂದು ಠಾಣೆಗೆ ಬಂದು ದೂರು ಕೊಟ್ಟವಳು ಈಕೆಯೇ.

"ನಿಲ್ಸಿ ತಾಯಿ, ನಿಲ್ಸಿ!" ಚೆಲುವರಾಜು ಪಂಪಿನ ಹಿಡಿಯನ್ನು ಹಿಡಿದುಕೊಂಡ. "ಈ ನೀರು ಕುಡೀಬೇಡಿ. ಚೆಲ್ಲಿಬಿಡಿ ಎಲ್ಲಾ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪ್ರಮೀಳಾ ಗಾಜಿನ ಸೀಸೆಯಲ್ಲಿ ನೀರು ಹಿಡಿದು, ಮುಚ್ಚಳ ಹಾಕಿ ಕುಲುಕಿ, ತೆಗೆದು ಮೂಸಿದಳು. ಇನ್ನೊಮ್ಮೆ ಮೂಸಿದಳು. ಚೆಲುವರಾಜು ಅವಳ ಮುಖವನ್ನೇ ನೋಡುತ್ತಿದ್ದ.

"ವಾಸನೆ ಇಲ್ಲ. ಹಾಗಂತ ಚೆನ್ನಾಗಿದೆ ಅಂತಲ್ಲ. ಮೂಗಿಗೆ ಗೊತ್ತಾಗದಷ್ಟು ಇದ್ದರೂ ದಿನಾ ಕುಡಿದರೆ ಕಷ್ಟ. ಮೈಸೂರಿಗೆ ಕಳಿಸಿದರೆ ಫಲಿತಾಂಶ ಬರೋಕೆ ವಾರವಾದರೂ ಬೇಕು."

"ಅಲ್ಲೀಗಂಟ ಏನ್ ಕುಡಿಯಣಪ್ಪ?" ಎಂದಳು ಪುಟ್ಟತಾಯಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದಳು. "ಬಾವಿ ಬ್ಯಾಡ ಅಂದೆ, ಬುಟ್ವು. ಇದ್ನ ಕುಡೀರಿ ಅಂದೆ, ಕುಡುದ್ವು. ಈಗ ಇದೂ ಬ್ಯಾಡ ಅಂತೀಯೆ. ಕೆರೆ ನೀರು ಕುಡಿಯಣ ಅಂದ್ರೆ ಅಲ್ಲಿ ದನ ಬಿದ್ದವೆ."

ಭಾಗ್ಯಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲನೆ ಕೇಳಿದಳು: "ಇಷ್ಟು ದಿನ ಕುಡುದ್ನಲ್ಲ ಸಾ, ಮಗೀಗೆ ಏನಾರ ಆಯ್ತದಾ?"

ಆಗುವುದಿಲ್ಲ ಎಂದು ಸುಳ್ಳು ಹೇಳುವ ಬದಲು ಚೆಲುವರಾಜು ಅವಳ ಬಿಂದಿಗೆಯ ನೀರನ್ನು ತಾನೇ ಚೆಲ್ಲಿದ.  

ಅವನು ರಸ್ತೆಯ ಎಸ್‌ಟಿಡಿ ಅಂಗಡಿಗೆ ಹೋಗಿ ಫೋನು ಹಚ್ಚಿದ. ನೀರು ಸರಬರಾಜಿನ ಕಚೇರಿಯಲ್ಲಿ ಯಾರೋ ಎತ್ತಿಕೊಂಡು, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಸಾಹೇಬರು ಸಿಕ್ಕಾಗ, ನೀರು ಕೆಟ್ಟಿದೆ ಅನ್ನುವುದಕ್ಕೆ ವರದಿ ಎಲ್ಲಿ ಎಂದರು. ವರದಿಯಿಲ್ಲದೆ ಟ್ಯಾಂಕರು ಕಳಿಸಿದರೆ ನಾಳೆ ಎಲ್ಲಾ ಊರಿನವರೂ ಕೇಳುತ್ತಾರೆ ಎಂದರು. ಹಂಪಾಪುರದ ಕಡೆಯಿಂದಲಾದರೂ ಒಂದು ಟ್ಯಾಂಕರು ಬಾಡಿಗೆಗೆ ಸಿಗಬಹುದೆಂದು ಚೆಲುವರಾಜು ವಿಚಾರಿಸಿದ. ಅದು ಶುಂಠಿ ಹೊಲಕ್ಕೆ ಹೋಗಿತ್ತು. ಕೊನೆಗೆ ತನ್ನ ಮೇಲಧಿಕಾರಿಗೆ ಮಾಡಿದ. "ನೀನು ಪೊಲೀಸೋ, ನೀರುಗಂಟಿಯೋ?" ಎಂದು ಅವರು ಫೋನು ಇಟ್ಟರು.

ಅವನು ಹಿಂದಿರುಗುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಪಂಪಿನ ಹಿಡಿಗೆ ಪ್ರಮೀಳಾ ಹಗ್ಗ ಬಿಗಿದಿದ್ದಳು. ಹೆಂಗಸರು ಖಾಲಿ ಬಿಂದಿಗೆಗಳೊಂದಿಗೆ ಅಲ್ಲೇ ಕೂತಿದ್ದರು. ಯಾರೂ ಮನೆಗೆ ಹೋಗಿರಲಿಲ್ಲ. ಬರಿಗೈಯಲ್ಲಿ ಬಂದ ಅವನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಆಗ ರಸ್ತೆಯ ತಿರುವಿನಲ್ಲಿ ಎಂಜಿನ್ನಿನ ಸದ್ದು ಕೇಳಿಸಿತು.

ಮುಂದೆ ಕಾರ್ಖಾನೆಯ ಬಿಳಿ ಜೀಪು. ಹಿಂದೆ ಟ್ರ್ಯಾಕ್ಟರ್ ಎಳೆದುಕೊಂಡು ಬರುತ್ತಿದ್ದ ನೀರಿನ ಟ್ಯಾಂಕರು. ಮುಚ್ಚಳದ ಸಂದಿಯಿಂದ ನೀರು ತುಳುಕಿ ರಸ್ತೆಯುದ್ದಕ್ಕೂ ಗೆರೆ ಎಳೆಯುತ್ತಿತ್ತು. ಮಕ್ಕಳು ಕೂಗುತ್ತಾ ಓಡಿದವು.

ಲಿಂಗರಾಜು ಇಳಿದು ಎಲ್ಲರಿಗೂ ಕೈ ಮುಗಿದ.

"ಸುದ್ದಿ ಗೊತ್ತಾಯ್ತು ತಾಯಂದಿರಾ. ಮನಸ್ಸು ತಡೀಲಿಲ್ಲ. ಪೇಟೆಯ ನಲ್ಲಿ ನೀರು, ದಿನಾ ಎರಡು ಸಲ ಬರುತ್ತೆ." ಪುಟ್ಟತಾಯಮ್ಮನ ಮುಂದೆ ನಿಂತು ದನಿ ತಗ್ಗಿಸಿದ. "ಒಂದೇ ತೊಂದ್ರೆ ಅಮ್ಮ. ನಿಮ್ಮ ಕಂಪ್ಲೇಂಟ್ ಇರೋವರೆಗೂ ನಮ್ಮ ಲಾಯರು ಇದಕ್ಕೆ ಒಪ್ಪಲ್ಲ. ನೀರು ಕೊಟ್ರೆ ತಪ್ಪು ಒಪ್ಕೊಂಡ ಹಾಗೆ ಅಂತಾರೆ. ಅದೊಂದನ್ನ ವಾಪಸ್ಸು ತಗೊಂಡ್ರೆ..."

"ಬೇಡಿ ತಾಯಿ," ಎಂದ ಚೆಲುವರಾಜು. "ಎರಡು ದಿನ ಕೊಡಿ. ಎಲ್ಲಿಂದಾದ್ರೂ ನೀರು ತರ್ತೀನಿ."

ಪುಟ್ಟತಾಯಮ್ಮ ಖಾಲಿ ಬಿಂದಿಗೆ ಎತ್ತಿಕೊಂಡಳು.

"ನೀನು ಒಳ್ಳೇನು ಕಣಪ್ಪ. ಆದ್ರೆ ಎರಡು ದಿನ ಬಾಯಾರ್ಕೆ ತಡೀತದಾ? ನನ್ ಮಗ ಓದ. ಇವ್ಳ ಒಟ್ಟೇಲಿರೋದಾದ್ರೂ ಉಳ್ಕಳಿ." ಅವಳು ಲಿಂಗರಾಜುವಿನ ಕಡೆ ತಿರುಗಿದಳು. "ನಾಳಿಕೆ ಟೇಸನ್‌ಗೆ ಬತ್ತೀನಿ. ಕೇಸು ಬ್ಯಾಡ. ನೀರು ಬುಡುಸ್ರಪ್ಪ."

ದೂರು ಹೋದರೂ ಸಾಕ್ಷಿ ಇದೆ, ಎಂದುಕೊಂಡ ಚೆಲುವರಾಜು. ಬ್ಯಾರನ್ನಿನ ಮುಂದೆ ಒಬ್ಬ ಕಾಯುತ್ತಿದ್ದಾನೆ. ಅವನ ಮಾತಿನ ಮೇಲೆ ಹೊಸದಾಗಿ ಕೇಸು ಕಟ್ಟಬಹುದು.

ಟ್ಯಾಂಕರಿನ ನಲ್ಲಿ ತಿರುಗಿಸಲು ಟ್ರ್ಯಾಕ್ಟರಿನ ಸೀಟಿನಿಂದ ಒಬ್ಬ ಇಳಿದು ಬಂದ. ತಲೆ ಎತ್ತಲಿಲ್ಲ. ಆದರೂ ಚೆಲುವರಾಜು ಗುರುತು ಹಿಡಿದ.

"ದೇವಯ್ಯ!"

ದೇವಯ್ಯ ನಲ್ಲಿಯ ತಿರುಪನ್ನೇ ನೋಡುತ್ತಿದ್ದ. 

"ದೇವಯ್ಯ, ಈ ಮಣ್ಣು ಎಲ್ಲಿಂದ ಬಂತು? ನನಗೆ ಹೇಳಿದ್ದನ್ನ ಇವರೆಲ್ಲರ ಮುಂದೆ ಹೇಳು."

"ಯಾವ ಮಣ್ಣು ಸಾ?"

ಅವನು ನಲ್ಲಿ ತಿರುಗಿಸಿದ. ಬಾಯಿ ಬಿಟ್ಟರೆ ಊರಿಗೆ ನೀರಿಲ್ಲ ಎಂದು ಲಿಂಗರಾಜು ಬ್ಯಾರನ್ನಿಗೇ ಹೋಗಿ ಅವನನ್ನು ಹೆದರಿಸಿದ್ದಾನೆಂದು ಚೆಲುವರಾಜುವಿಗೆ ಹೊಳೆಯಿತು.  ಲಿಂಗರಾಜು ಕೈಗಡಿಯಾರ ಸರಿಮಾಡಿಕೊಂಡ.

"ಯಾವ ಮಣ್ಣಾ?"

ಕೇಳಿದವಳು ಭಾಗ್ಯಮ್ಮ. ಅವಳು ಬಿಂದಿಗೆಯನ್ನು ನೆಲಕ್ಕಿಟ್ಟು ನೆಟ್ಟಗೆ ನಿಂತಿದ್ದಳು.

"ದೇವಣ್ಣ, ಫ್ಯಾಕ್ಟ್ರಿಯಿಂದ ತಂದೆ ಅಂತ ನೀನೇ ಅಂದ್ಯಲ್ಲ? ನಮ್ ಬಾವಿ ಸುತ್ತ ಆಕಿ, ನಮ್ಮನೇಲಿ ಉಂಡ್ಯಲ್ಲ? ನಾನೇ ಮುದ್ದೆ ಇಕ್ಕಿದ್ನಲ್ಲ ನಿಂಗೆ?"

"ಬಾಯ್ ಮುಚ್ಚು ಕಣವ್ವ!" ಪುಟ್ಟತಾಯಮ್ಮ ಸೊಸೆಯ ರಟ್ಟೆ ಹಿಡಿದೆಳೆದಳು. "ನೀರು ಬತ್ತಾ ಅದೆ, ಬಾಯ್ ಮುಚ್ಚು!"

ಭಾಗ್ಯಮ್ಮ ಬಾಯಿ ಮುಚ್ಚಿದಳು. ಆದರೆ ಆಡಿದ ಮಾತು ಎಲ್ಲರ ಕಿವಿಗೂ ಬಿದ್ದಾಗಿತ್ತು. ಇನ್ನೊಬ್ಬ ಸಾಕ್ಷಿ ಸಿಕ್ಕಳೆಂದು ಚೆಲುವರಾಜು ಅವಳ ಕಡೆ ಒಂದು ಹೆಜ್ಜೆ ಇಟ್ಟ. ಅವನಿಗಿಂತ ಮೊದಲೇ ಲಿಂಗರಾಜು ಅವಳ ಮುಂದೆ ಹೋಗಿ ನಿಂತಿದ್ದ. ಈ ಸಲ ಅವನ ಮುಖದ ನಗು ಹೋದದ್ದು ವಾಪಸ್ಸು ಬರಲಿಲ್ಲ.

"ನಿನ್ನ ಹೆಸರೇನಮ್ಮ?" ಎಂದು ಅವನು ಬಹಳ ಮೃದುವಾಗಿ ಕೇಳಿದ.